ಕಾಕಾನ ಕ್ಯಾಮೆರಾಕ್ಕ ಟೊಪ್ಪಿಗಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ದೊಡ್ಡ ಊರಿಗೆ ಹೋದರೂ ಕ್ಯಾಮೆರಾ ಕಾಕಾ ಒಬ್ಬರು ಸಿಕ್ಕೇ ಸಿಗುತ್ತಾರೆ. ಒಂದು ಕಾಲಕ್ಕೆ ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೊ ಇಟ್ಟವರು, ಇಲ್ಲವೇ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಾಗಿ ರಿಟೈರ್ ಆದವರು. ಕೊರಳಲ್ಲಿ 1966ರಲ್ಲಿ ಮಾರುಕಟ್ಟೆಗೆ ಬಂದ ಯಾಶಿಕಾ ಎಲೆಕ್ಟ್ರೊ 35, ಅಥವಾ ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಚೌಕಾಶಿ ಮಾಡಿ ತಂದ ರಷ್ಯಾದ ಜೋರ್ಕಿ 4. ಕ್ಯಾಮೆರಾ ಯಾವುದಾದರೂ ಆಗಲಿ, ಮುಂದೊಂದು ಹುಡ್ ಇರಲೇಬೇಕು. ಓಣಿಯ ತಿರುವಿನಲ್ಲಿ ಮೊದಲು ಹುಡ್ ಕಾಣುತ್ತದೆ, ಆಮೇಲೆ ಕಾಕಾ.

‘ಬಿಸಿಲ ನಾಡ್ರಿ ಇದು. ಮನುಷ್ಯಾಗ ರುಮಾಲು, ಲೆನ್ಸಿಗಿ ಟೊಪ್ಪಿಗಿ. ಇಲ್ಲಂದ್ರ ಫೋಟೊ ಬೆಳ್ಳಗಾಗಿ ಹೋಗ್ತದ’ ಎನ್ನುವುದು ಅವರ ವಾದ. ವಾದದಲ್ಲಿ ತಪ್ಪಿಲ್ಲ. ಚಿತ್ರದ ಚೌಕಟ್ಟಿನ ಆಚೆಯಿಂದ ಓರೆಯಾಗಿ ಬಿದ್ದ ಬಿಸಿಲು ಲೆನ್ಸಿನ ಗಾಜುಗಳ ನಡುವೆ ಅತ್ತಿಂದಿತ್ತ ಪುಟಿದು, ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ ಎರಚುತ್ತದೆ. ದೂರ ನೋಡುವಾಗ ಹಣೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹುಡ್ ಮಾಡುವುದೂ ಅದನ್ನೇ.

ಹಾಗಾದರೆ ಕೈಯನ್ನೇ ಹಿಡಿಯಬಾರದೇಕೆ? ಕಾಕಾ ಅದನ್ನೂ ಮಾಡಿ ನೋಡಿದವರು. ಗಾಣಗಾಪುರದ ದತ್ತನ ಪಲ್ಲಕ್ಕಿ ಹೊರಟಾಗ ಎಡಗೈ ಅಡ್ಡ ಹಿಡಿದು ಕ್ಲಿಕ್ಕಿಸಿದರು. ಪ್ರಿಂಟ್ ಬಂದಾಗ ಪಲ್ಲಕ್ಕಿಯ ಮೇಲೆ ಐದು ಬೆರಳು, ಮೇಲಿನಿಂದ ಯಾರೋ ಆಶೀರ್ವಾದ ಮಾಡಿದಂತೆ. ರೇಂಜ್‌ಫೈಂಡರ್ ಕ್ಯಾಮೆರಾದ ಗಮ್ಮತ್ತು ಇರುವುದೇ ಇಲ್ಲಿ. ಕಣ್ಣಿಗೆ ಒಂದು ಕಿಟಕಿ, ಫಿಲ್ಮಿಗೆ ಇನ್ನೊಂದು. ಲೆನ್ಸ್ ಏನು ನೋಡುತ್ತಿದೆ ಎಂಬುದನ್ನು ಲೆನ್ಸ್ ಯಾರಿಗೂ ಹೇಳುವುದಿಲ್ಲ. ಲೆನ್ಸಿನ ಮುಚ್ಚಳ ತೆಗೆಯದೆ ಇಡೀ ಮದುವೆ ತೆಗೆದರೂ ಕಿಟಕಿಯಲ್ಲಿ ಎಲ್ಲ ಛಂದ ಕಾಣುತ್ತದೆ. ಎಲೆಕ್ಟ್ರೊ 35ರಲ್ಲಂತೂ ಬೆಳಕು ಅಳೆಯುವ ಕಣ್ಣು ಲೆನ್ಸಿನ ಹೊರಗೆ, ಮೈಮೇಲಿದೆ. ಮುಚ್ಚಳ ಹಾಕಿದ್ದರೂ ಅದು ‘ಬೆಳಕು ಸಾಕು, ಹೊಡಿ’ ಎಂದು ಪಾಸು ಮಾಡುತ್ತದೆ.

ಹುಡ್ ಹಾಕಿದರೆ ಫಜೀತಿ ಬೇರೆ ಥರ. ಕಿಟಕಿ ಎಡಮೂಲೆಯಲ್ಲಿ, ಲೆನ್ಸ್ ಅದರ ಬಲಕ್ಕೆ, ಕೆಳಗೆ. ಉದ್ದನೆಯ ಹುಡ್ ಕಿಟಕಿಯ ಬಲಭಾಗದ ಕೆಳಮೂಲೆಗೆ ಅಡ್ಡ ಬಂದು ನಿಲ್ಲುತ್ತದೆ. ಮದುವೆಯ ಗ್ರೂಪ್ ಫೋಟೊದಲ್ಲಿ ಆ ಮೂಲೆಗೆ ಸಾಮಾನ್ಯವಾಗಿ ಕೂಡುವವರು ಸೋದರಮಾವ. ಕಾಕಾನ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಫಿಲ್ಮಿಗೆ ಮಾತ್ರ ಕಡ್ಡಿ ಹಾಕಿ ಕಿವಿ ಕೆರೆಯುತ್ತಾ ಸಂಪೂರ್ಣವಾಗಿ ಬೀಳುತ್ತಾರೆ.

ಇದಕ್ಕೆ ಜರ್ಮನಿಯ ಲೈಕಾದವರು ಹುಡ್‌ಗೆ ಸಂದು ಕೊರೆದು ಪರಿಹಾರ ಹುಡುಕಿದರು. ಆ ಸಂದಿನ ಮೂಲಕ ಮೂಲೆಯವರು ಅರೆಬರೆಯಾದರೂ ಕಾಣುತ್ತಾರೆ. ಕಾಕಾ ಚಿತ್ರ ನೋಡಿಕೊಂಡು ಡಾಲ್ಡಾ ಡಬ್ಬಿ ತೆಗೆದುಕೊಂಡು ಊರ ತಗಡಿನವನ ಹತ್ತಿರ ಹೋದರು. ಸಂದು ಚೆನ್ನಾಗಿಯೇ ಬಂತು. ಒಳಗಿನ ತಗಡು ಮಾತ್ರ ಫಳಫಳ. ಬಿಸಿಲು ತಡೆಯಬೇಕಾದ ಹುಡ್ ಬಿಸಿಲನ್ನು ಕರೆದು ಒಳಗೆ ಕೂಡಿಸಿತು. ಮುಂದೆ ಶಾಲೆಯ ಕರಿ ಹಲಗೆಗೆ ಬಳಿಯುವ ಬಣ್ಣ ಹಚ್ಚಿದ ಮೇಲೆ ಕೆಲಸ ಸರಿಹೋಯಿತು. ಇದನ್ನು ಮೆಚ್ಚಲೇಬೇಕು. ಹೊಳಪಿಲ್ಲದ ಕಪ್ಪೇ ಹುಡ್‌ನ ಅರ್ಧ ಪ್ರಾಣ.

ಇನ್ನು ಅಳತೆಯ ಮಾತು. ಎಲೆಕ್ಟ್ರೊ 35ರ ಲೆನ್ಸಿನ ಬಾಯಿ 55 ಮಿಲಿಮೀಟರ್, ಅದು ಸುಲಭ. ಜೋರ್ಕಿಯ ಜುಪಿಟರ್ 8 ಲೆನ್ಸಿನದು 40.5. ಕಲಬುರಗಿಯ ಫೋಟೊ ಅಂಗಡಿಯಲ್ಲಿ ಕಾಕಾ ‘ನಲವತ್ತೂವರಿ’ ಎಂದು ಕೇಳಿದರೆ ಹುಡುಗ ಬೂಟಿನಂಗಡಿಯ ಕಡೆ ಕೈ ತೋರಿಸುತ್ತಾನೆ. ಹೇಗೋ ಮುಂಬೈನಿಂದ ಒಂದು ತರಿಸಿದರು. 35 ಮಿಲಿಮೀಟರಿನ ಅಗಲ ನೋಟದ ಜುಪಿಟರ್ 12ರ ಬಾಯಿಯೂ 40.5. ‘ಒಂದ ಟೊಪ್ಪಿಗಿ, ಎರಡ ತಲಿ!’ ಎಂದು ಕಾಕಾ ಹಿಗ್ಗಿದರು. ಆದರೆ ಜುಪಿಟರ್ 8ಕ್ಕೆ ಹೊಂದುವ ಆಳದ ಹುಡ್ ಅಗಲ ನೋಟಕ್ಕೆ ಗೋಡೆಯಾಗುತ್ತದೆ. ಆಳಂದದ ಲಾಡ್ಲೆ ಮಶಾಯಿಕ್ ದರ್ಗಾದ ಮುಂದೆ ನಿಲ್ಲಿಸಿ ತೆಗೆದ ಕುಟುಂಬದ ಫೋಟೊಗಳಲ್ಲಿ ನಾಲ್ಕೂ ಮೂಲೆ ಕಪ್ಪಾಗಿ ದುಂಡಗೆ ಕತ್ತರಿಸಿಹೋದವು. ಕಾಕಾ ಕಂಗೆಡಲಿಲ್ಲ. ‘ನಿಜಾಮರ ಕಾಲದ ಡಿಜೈನ್ರಿ’ ಎಂದು ಅವೇ ಪ್ರಿಂಟುಗಳನ್ನು ಕೊಟ್ಟರು. ಜನರೂ ಖುಷಿಯಿಂದ ಕಟ್ಟು ಹಾಕಿಸಿಕೊಂಡರು.

ಹುಡ್‌ನಿಂದ ಇನ್ನೊಂದು ಲಾಭವಿದೆ. ಅದನ್ನು ಕಾಕಾ ಹೇಳುವುದಿಲ್ಲ, ಅವರ ಮನೆಯವರು ಹೇಳುತ್ತಾರೆ. ತೊಗರಿ ರಾಶಿಯ ದಿನಗಳಲ್ಲಿ ಈ ಸೀಮೆಯ ಗಾಳಿ ತುಂಬ ಹೊಟ್ಟು, ಧೂಳು. ಹುಡ್ ಇಲ್ಲದ ಲೆನ್ಸಿನ ಮೇಲೆ ಅದು ಕೂಡುತ್ತದೆ, ಕಾಕಾ ಧೋತರದ ಚುಂಗಿನಿಂದ ಗಸಗಸ ಒರೆಸುತ್ತಾರೆ, ಗಾಜಿಗೆ ಗೀರು ಬೀಳುತ್ತದೆ. ಹುಡ್ ಇದ್ದರೆ ಬೆರಳು ಒಳಗೆ ಹೋಗುವುದು ಕಷ್ಟ. ಅಂದರೆ ಬಿಸಿಲಿಗಿಂತ ಹೆಚ್ಚಾಗಿ ಅದು ಲೆನ್ಸನ್ನು ಕಾಕಾನಿಂದಲೇ ಕಾಯುತ್ತದೆ.

ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆಯ ಮೇಲೆ ನಿಂತು ಭೀಮೆಯಲ್ಲಿ ಮುಳುಗುವ ಸೂರ್ಯನಿಗೇ ಕ್ಯಾಮೆರಾ ಹಿಡಿದಾಗ, ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಯಾವ ಹುಡ್ಡೂ ಏನೂ ಮಾಡಲಾರದು ಎಂದು ತಂಗಿಯ ಮಗ ಮೊಬೈಲ್ ನೋಡಿ ಓದಿ ಹೇಳಿದ. ‘ಗೊತ್ತದೋ. ಹಂಗಂತ ಅವನ ಮುಂದ ಬರಿದಲಿಲೆ ನಿಂದರ್ಲೇನು?’ ಎಂದರು ಕಾಕಾ.

36 ಫೋಟೊಗಳ ಆ ರೋಲು ಇನ್ನೂ ಕ್ಯಾಮೆರಾದಲ್ಲೇ ಇದೆ. ಅಷ್ಟರಲ್ಲಿ ಅಂಚೆಯವನು ಸಣ್ಣ ಡಬ್ಬಿಯೊಂದನ್ನು ತಂದುಕೊಟ್ಟ. ಒಳಗೆ ಲೈಕಾ ಲೆನ್ಸಿನ ಹುಡ್, ಅಳತೆ 39 ಮಿಲಿಮೀಟರ್. ಆ ಅಳತೆಯ ಲೆನ್ಸ್ ಮನೆಯಲ್ಲಿ ಒಂದೂ ಇಲ್ಲವಲ್ಲ ಎಂದು ಮನೆಯವರು ಕೇಳಿದರೆ, ಕಾಕಾ ಅದರ ಒಳಗಿನ ಕಪ್ಪನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾ ಅಂದರು: ‘ಟೊಪ್ಪಿಗಿ ಬಂತಲ್ಲ, ತಲಿ ಬರ್ತದ ತಗೋ.’