ಸದರಿ ಚಲನಿನ ಹೇಳಿಕೆ

ಇ-ಚಲನ್ ಎಂದರೆ ಸಂಚಾರ ನಿಯಮ ಮುರಿದ ವಾಹನದ ಮಾಲೀಕನ ಮೊಬೈಲಿಗೆ ಬಂದು ಬೀಳುವ ದಂಡದ ಚೀಟಿ. ಇಲ್ಲಿ ಮಾತಿಗೆ ಸಿಕ್ಕಿರುವುದು ಪುಣೆ–ಅಹಿಲ್ಯಾನಗರ ಹೆದ್ದಾರಿಯ ರಾಂಜಣಗಾಂವದಲ್ಲಿ ಹುಟ್ಟಿದ ಒಂದು ಚಲನ್. ಆ ಊರಲ್ಲಿ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿ ಇದ್ದಾನೆ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿವೆ, ಇವೆರಡರ ನಡುವೆ ಲಾರಿಗಳ ಸಾಲು. ಚಲನ್ ಬಿದ್ದದ್ದು ವಿಜಯಪುರದ ಕೆಎ-28 ಲಾರಿಯ ಮೇಲೆ. ಕಚೇರಿ ಭಾಷೆಯಲ್ಲೇ ಬೆಳೆದ ಚಲನಿಗೆ ‘ನಾನು’ ಎನ್ನಲು ಬಾರದು.

ಪ್ರಶ್ನೆ: ತಮ್ಮ ಹುಟ್ಟಿಗೆ ಕಾರಣ?

ಚಲನ್: ವೇಗ. ಸದರಿ ಚಲನಿನ ಮೂಲಪುರುಷ 1988ರ ಮೋಟಾರು ವಾಹನ ಕಾಯ್ದೆ. ವಂಶ ಮೈದುಂಬಿದ್ದು 2019ರ ತಿದ್ದುಪಡಿಯಿಂದ. ಮಿತಿ ಮೀರಿ ಓಡಿದ ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ. ಸದರಿಯವರ ಹಿರಿಯಣ್ಣ ಓವರ್‌ಲೋಡ್: 20,000, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಲಾರಿ ಕದಲುವಂತಿಲ್ಲ. ತುಂಬಿಸಿದವನು ಸೇಠ್ ಎಂದು ಡ್ರೈವರ್, ಓಡಿಸಿದವನು ಡ್ರೈವರ್ ಎಂದು ಸೇಠ್. ತೂಕದ ಕಾಟಾಕ್ಕೆ ಎರಡೂ ಕೇಳಿಸುವುದಿಲ್ಲ.

ಪ್ರಶ್ನೆ: ದಂಡ ಎಲ್ಲ ರಾಜ್ಯದಲ್ಲೂ ಒಂದೇ?

ಚಲನ್: ಅಲ್ಲ. ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡವನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ. ಹೆಲ್ಮೆಟ್ ಇಲ್ಲದಿದ್ದರೆ ಕಾಯ್ದೆಯಲ್ಲಿ 1,000. ಕರ್ನಾಟಕ 2019ರ ಸೆಪ್ಟೆಂಬರಿನಲ್ಲೇ ಅದನ್ನು 500ಕ್ಕೆ ಇಳಿಸಿತು. ಗಡಿ ದಾಟಿದರೆ ದರ ಬದಲಾದೀತು, ತಲೆಬುರುಡೆಯ ಗಟ್ಟಿತನ ಬದಲಾಗದು.

ಪ್ರಶ್ನೆ: ತಮ್ಮನ್ನು ಹುಡುಕುವುದೆಲ್ಲಿ?

ಚಲನ್: ಮಹಾರಾಷ್ಟ್ರದಲ್ಲಿ ಬಿದ್ದ ದಂಡ ಮಹಾಟ್ರಾಫಿಕ್ ಆ್ಯಪಿನಲ್ಲಿ ಕಾಣುತ್ತದೆ. ಬೇರೆ ರಾಜ್ಯಗಳದ್ದಕ್ಕೆ ಕೇಂದ್ರದ ಪರಿವಾಹನ್ ಇ-ಚಲನ್ ತಾಣ. ವಾಹನದ ನಂಬರು, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಅಂಕಿಗಳು ಕೈಯಲ್ಲಿದ್ದರೆ ಸಾಕು. ಬೆಂಗಳೂರಿನ ದಂಡವನ್ನು ಬೆಂಗಳೂರು ಒನ್ ಕೇಂದ್ರದಲ್ಲೂ ಕಟ್ಟಬಹುದು.

ಪ್ರಶ್ನೆ: ವಾಟ್ಸ್‌ಆ್ಯಪಿಗೆ ಎಪಿಕೆ ಎಂಬ ಆ್ಯಪ್ ಫೈಲಾಗಿ ಬರುವ ಚಲನ್ ತಮ್ಮ ನೆಂಟರೇ?

ಚಲನ್: ಸದರಿ ಕುಲಕ್ಕೂ ಆ ಕಳ್ಳನಿಗೂ ಸಂಬಂಧವಿಲ್ಲ. ಒತ್ತಿದರೆ ಬ್ಯಾಂಕ್ ಖಾತೆಯೇ ಬರಿದಾದೀತು. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯಬೇಕು.

ಪ್ರಶ್ನೆ: ತಪ್ಪೇ ಮಾಡದವನಿಗೆ ತಾವು ಅಂಟಿಕೊಂಡರೆ?

ಚಲನ್: ಅದೂ ಉಂಟು, ಕೊಳೆ ಮೆತ್ತಿದ ಪ್ಲೇಟಿನಲ್ಲಿ 3 ಮತ್ತು 8 ಅವಳಿ ಮಕ್ಕಳು. ಚಲನಿನ ಫೋಟೊ, ಜಾಗ, ವೇಳೆ ತಾಳೆ ನೋಡಿ ತಕರಾರು ಸಲ್ಲಿಸಬೇಕು. ಒಪ್ಪಿಗೆಯಾಗದಿದ್ದರೆ ನ್ಯಾಯಾಲಯವಿದೆ.

ಪ್ರಶ್ನೆ: ಕೊನೆಗೆ ಲಾರಿ ಮಾಲೀಕ ದಂಡ ಕಟ್ಟಿದನೇ?

ಚಲನ್: ಅವನಿಗೆ ಸುದ್ದಿಯೇ ಮುಟ್ಟಿಲ್ಲ. ವಾಹನದ ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವ ಮೊಬೈಲ್ ನಂಬರನ್ನು ಅವನು ಎಂದೋ ಬಿಟ್ಟಿದ್ದ. ಅದೀಗ ಬೇರೊಬ್ಬರ ಕೈಯಲ್ಲಿದೆ. ‘ನಮ್ಮ ಮನ್ಯಾಗ ಸೈಕಲ್ ಸುದ್ದಾ ಇಲ್ರೀ’ ಎಂದು ಅವರು ಸದರಿಯವರನ್ನು ಅಳಿಸಿಹಾಕಿದರು. ಆರ್‌ಸಿಯ ಮೊಬೈಲ್ ನಂಬರನ್ನು ಪರಿವಾಹನ್ ತಾಣದ ವಾಹನ್ ಸೇವೆಯಲ್ಲಿ ಮಾಲೀಕನೇ ಬದಲಿಸಿಕೊಳ್ಳಬಹುದು.