ಕಾಣದ ಆಟಕ್ಕೆ ಕೊಪ್ಪದ ಕಣ್ಸಾಕ್ಷಿ

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ ಔಟಾಗದೆ 175 ರನ್ ಹೊಡೆದರು. ಆ ಆಟದ ವಿಡಿಯೊ ಎಲ್ಲೂ ಇಲ್ಲ. ಅವತ್ತು ಬಿಬಿಸಿಯವರು ಮುಷ್ಕರ ಹೂಡಿದ್ದರು ಅಂತ ಕೆಲವರು, ಜಿಂಬಾಬ್ವೆ ಆಟವನ್ನು ಯಾರು ನೋಡುತ್ತಾರೆ ಅಂತ ಕ್ಯಾಮೆರಾ ಕಳಿಸಲೇ ಇಲ್ಲ ಅಂತ ಇನ್ನು ಕೆಲವರು. ಅದೇನೇ ಇರಲಿ, ಮದ್ದೂರು ತಾಲ್ಲೂಕಿನ ಕೊಪ್ಪಕ್ಕೆ ಬಂದು ಬೆಳಗ್ಗೆ ಏಳಕ್ಕೆ ಟೀ ಅಂಗಡಿ ಬೆಂಚಿನ ಮೇಲೆ ಕೂತುಕೊಳ್ಳಿ. ಆ ಆಟವನ್ನು ಕಣ್ಣಾರೆ ಕಂಡವರು ಮೂರು ಜನಕ್ಕೆ ಮೋಸವಿಲ್ಲದಂತೆ ಸಿಗುತ್ತಾರೆ.

ಕೊಪ್ಪ ಅಂದಕೂಡಲೇ ಅಡಿಕೆ, ಕಾಫಿ, ಮಳೆ ಅಂತ ಮಲೆನಾಡಿಗೆ ಹೋಗಬೇಡಿ. ಇದು ಕಬ್ಬಿನ ಕೊಪ್ಪ. ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ. ಅರೆಯುವ ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ರಸ್ತೆ ಬದಿಗೆ ಸಾಲುಗಟ್ಟಿ ನಿಂತಿರುತ್ತವೆ. ಸರದಿ ಬರುವ ತನಕ ಡ್ರೈವರಿಗೆ ಬೇರೆ ಕೆಲಸವಿಲ್ಲ, ಬೆಂಚಿನ ಮೇಲಿರುವವರಿಗೆ ಹಂಗಾಮು ಇದ್ದರೂ ಇಲ್ಲದಿದ್ದರೂ ಕೆಲಸವಿಲ್ಲ. ಹಳೇ ಕ್ರಿಕೆಟ್ಟು ಬೆಳೆಯುವುದಕ್ಕೆ ಇದಕ್ಕಿಂತ ಹದವಾದ ಭೂಮಿ ಇನ್ನೊಂದಿಲ್ಲ.

‘ಒಂಬತ್ತಕ್ಕೆ ನಾಕು ಬಿದ್ದೋಗಿತ್ತು ಕಣಪ್ಪಾ. ಆಮೇಕೆ ಹದಿನೇಳಕ್ಕೆ ಐದು. ಕಪಿಲು ಬಂದ ನೋಡು, ಬ್ಯಾಟು ಎತ್ತುದ್ರೆ ಚೆಂಡು ಹೂವಿನ ಗಿಡದ ಮ್ಯಾಲೆ!’ ಎನ್ನುತ್ತಾರೆ ಗೌಡರು. ಅಂಕಿ ಅಷ್ಟೂ ಸರಿ. ಗೌಡರು ಅಂಕಿಯಲ್ಲಿ ಎಂದೂ ತಪ್ಪುವುದಿಲ್ಲ, ಸೊಸೈಟಿ ಸಾಲದ ಅಂಕಿಯೊಂದನ್ನು ಬಿಟ್ಟು. ಟ್ರ್ಯಾಕ್ಟರಿನ ಹುಡುಗ ಕೇಳುತ್ತಾನೆ, ‘ಎಲ್ಲಿ ನೋಡ್ದೆ ಮಾವ?’

‘ನಮ್ ದೊಡ್ಡಪ್ಪನ ಮನೆ ಟೀವೀಲಿ ಕಣ್ಲಾ.’

ಆ ದೊಡ್ಡಪ್ಪನ ಮನೆಗೆ ಟಿ.ವಿ. ಬಂದದ್ದು ರಾಮಾಯಣ ಧಾರಾವಾಹಿ ನೋಡಲಿಕ್ಕೆ ಎನ್ನುವುದು ಊರಿಗೆಲ್ಲ ಗೊತ್ತು. ಧಾರಾವಾಹಿ ಶುರುವಾದದ್ದು 1987ರಲ್ಲಿ. ನಾಲ್ಕು ವರ್ಷ ಮುಂಚೆಯೇ ಅದರಲ್ಲಿ ಕಪಿಲ್ ಕಾಣಿಸಿಕೊಂಡಿದ್ದರೆ ಅದು ರಾಮಾಯಣಕ್ಕಿಂತ ದೊಡ್ಡ ಪವಾಡ. ಆದರೆ ಬೆಂಚಿನಲ್ಲಿ ಯಾರೂ ಬಾಯಿಬಿಡುವುದಿಲ್ಲ. ಗೌಡರ ಟಿ.ವಿ.ಯನ್ನು ಇವತ್ತು ಕೆದಕಿದರೆ ನಾಳೆ ಬೆಂಚಿನ ಇನ್ನೊಬ್ಬ ಸಾಕ್ಷಿ ಮೇಷ್ಟ್ರ ರೇಡಿಯೊಗೂ ಅದೇ ಗತಿ. 2021ರ ಕೊನೆಗೆ ಹಿಂದಿಯಲ್ಲಿ ‘83’ ಅಂತ ಸಿನಿಮಾ ಬಂದ ಮೇಲಂತೂ ಗೌಡರ ನೆನಪು ಇನ್ನಷ್ಟು ನಿಚ್ಚಳವಾಗಿದೆ. ಈಗ ಅವರ ಕಪಿಲ್ ಯಾವ ಕಡೆಗೆ ತಿರುಗಿ ಹೇಗೆ ಬೆವರು ಒರೆಸಿಕೊಂಡರು ಎನ್ನುವುದೂ ಗೊತ್ತು. ಒಂದೇ ತೊಡಕೆಂದರೆ ಅವರ ಕಪಿಲ್ ನೋಡಲು ಸ್ವಲ್ಪ ರಣವೀರ್ ಸಿಂಗ್ ಥರ ಆಗಿಬಿಟ್ಟಿದ್ದಾರೆ.

ಇಷ್ಟಾದ ಮೇಲೆ ಪಾಲು ಹಂಚಿಕೆ. ಕಪಿಲ್ ಹರಿಯಾಣದವರು, ಆದ್ದರಿಂದ ಪೂರ್ತಿ ಗೌರವವನ್ನು ಅವರಿಗೇ ಬಿಟ್ಟುಕೊಡಲು ಮಂಡ್ಯ ಜಿಲ್ಲೆ ಒಪ್ಪುವುದಿಲ್ಲ. ‘ಕಿರ್ಮಾನಿ ಇನ್ನೊಂದ್ ಕಡೆ ನಿಂತ್ಕಳ್ದೆ ಹೋಗಿದ್ರೆ?’ ಎಂದು ಮೇಷ್ಟ್ರು ಕೇಳುತ್ತಾರೆ. ಕಿರ್ಮಾನಿ ಅವತ್ತು ಔಟಾಗದೆ 24, ಇಬ್ಬರ ಮುರಿಯದ ಜೊತೆಯಾಟ 126. ಅದಕ್ಕೂ ಮುಂಚೆ, ಕಿರ್ಮಾನಿಯ ಹಾಗೆ ಕರ್ನಾಟಕದವರೇ ಆದ ರೋಜರ್ ಬಿನ್ನಿ 22. ‘ಅಲ್ಲಿಗೆ ನಮ್ಮವರ್ದು ನಲವತ್ತಾರಾಯ್ತಾ? ಮ್ಯಾಚು ಗೆದ್ದಿದ್ದು ಎಷ್ಟ್ರಲ್ಲಿ? ಮೂವತ್ತೊಂದ್ರಲ್ಲಿ. ಲೆಕ್ಕ ಹಾಕ್ಕಳಿ.’ ಲೆಕ್ಕ ಸರಿಯಾಗಿದೆ. ಈ ಲೆಕ್ಕದಲ್ಲಿ ಕಪಿಲ್ ದೇವ್ ಇಲ್ಲ ಅಷ್ಟೆ.

ಟ್ರ್ಯಾಕ್ಟರಿನ ಹುಡುಗರ ಕಡೆಗೂ ಒಂದು 175 ಇದೆ. ಅದೂ ಔಟಾಗದೆ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಪುಣೆ ವಾರಿಯರ್ಸ್ ಮೇಲೆ ಕ್ರಿಸ್ ಗೇಲ್ ಹೊಡೆದದ್ದು, 66 ಎಸೆತಕ್ಕೆ, 17 ಸಿಕ್ಸರು. ಒಂದು ಯಾರೂ ನೋಡದ 175, ಇನ್ನೊಂದು ನೋಡದವರೇ ಇಲ್ಲದ 175. ನೋಡದ್ದೇ ಯಾವಾಗಲೂ ಗೆಲ್ಲುತ್ತದೆ. ‘ಫೋನ್ನಾಗೆ ಐತೆ ಮಾವ, ನೋಡು ಬೇಕಾದ್ರೆ’ ಅಂತ ಹುಡುಗ ಮುಂದೆ ಹಿಡಿದರೆ ಗೌಡರು ಮುಖ ತಿರುಗಿಸುತ್ತಾರೆ. ‘ಫೋನ್ನಾಗೆ ರನ್ನು ಕಾಣ್ತದೆ ಕಣ್ಲಾ, ಆಟ ಕಾಣ್ತದಾ? ಅರವತ್ತಾರು ಬಾಲ್ಗೆ ಅಷ್ಟು ವಡಿಯೋದು ಆಟ ಅಲ್ಲ, ಕಬ್ಬು ಕಡಿಯೋದು.’

ಇದು ನಮ್ಮ ತಾಲ್ಲೂಕಿಗೆ ಮಾತ್ರ ಹತ್ತಿದ ಗೀಳು ಎಂದು ನಾಚಿಕೊಳ್ಳಬೇಕಾಗಿಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಇದೆ. 1932ರಲ್ಲಿ ಷಿಕಾಗೋ ಮೈದಾನದಲ್ಲಿ ಬೇಬ್ ರೂತ್ ಎಂಬ ಆಟಗಾರ ಕೈ ಎತ್ತಿ ಜಾಗ ತೋರಿಸಿ, ಆಮೇಲೆ ಚೆಂಡನ್ನು ಅಲ್ಲಿಗೇ ಅಟ್ಟಿದನಂತೆ. ತೋರಿಸಿದ್ದು ಬೌಂಡರಿ ಗೋಡೆಯನ್ನೋ, ತನ್ನನ್ನು ಬೈಯುತ್ತಿದ್ದ ಎದುರಾಳಿಗಳನ್ನೋ ಎಂಬ ವ್ಯಾಜ್ಯ ತೊಂಬತ್ತು ವರ್ಷ ದಾಟಿದರೂ ಇತ್ಯರ್ಥವಾಗಿಲ್ಲ. ಎಷ್ಟೋ ವರ್ಷಗಳಾದ ಮೇಲೆ, ಪ್ರೇಕ್ಷಕನೊಬ್ಬ ಅವತ್ತು ತೆಗೆದಿದ್ದ ಫಿಲ್ಮು ಸಿಕ್ಕಿತು. ಸಿಕ್ಕ ಮೇಲೆ ಜಗಳ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಟನ್‌ಬ್ರಿಜ್ ವೆಲ್ಸಿನಿಂದ ಅಂಥ ಫಿಲ್ಮು ಬರದಿರಲಿ ಅಂತ ನಮ್ಮ ಬೆಂಚಿನವರು ಹರಕೆ ಕಟ್ಟಿಕೊಂಡರೂ ನಾನು ತಪ್ಪೆನ್ನಲಾರೆ.

ಹಳೆಯ ಆಟಗಾರನಿಗೆ ಒಂದು ಅನುಕೂಲವಿದೆ. ಅವನು ನಾಳೆ ಸೊನ್ನೆಗೆ ಔಟಾಗುವಂತಿಲ್ಲ. ಅವನನ್ನು ನಂಬಿ ಎದೆ ಬಡಿದುಕೊಂಡವನು ಸಂಜೆಗೆ ತಲೆ ತಗ್ಗಿಸುವ ಹಾಗಿಲ್ಲ. ಬೆಲೆ ಬೀಳದ ಬೆಳೆ ಅಂತ ಮಂಡ್ಯದಲ್ಲಿ ಏನಾದರೂ ಇದ್ದರೆ ಅದು ಇದೊಂದೇ.

ಜಿ.ಆರ್. ವಿಶ್ವನಾಥ್ ಅವರನ್ನೇ ನೋಡಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಗೌಡರು ಈ ಸೊನ್ನೆಯನ್ನೂ ಮುತ್ತಿನಂತೆ ಎತ್ತಿಹಿಡಿದು ತೋರಿಸುತ್ತಾರೆ, ‘ಸೊನ್ನೆಯಿಂದ ಎದ್ದು ಬಂದ ಗಂಡು’ ಎನ್ನುತ್ತಾರೆ. ಇದೇ ಗೌಡರು ಇವತ್ತು ಹೊಸ ಹುಡುಗನೊಬ್ಬ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಬಂದರೆ ಎರಡನೇ ಇನಿಂಗ್ಸಿನ ತನಕ ಕಾಯುವುದಿಲ್ಲ. ಅರ್ಧ ಟೀ ಮುಗಿಯುವುದರೊಳಗೆ ಅವನ ಜಾತಕ, ಅವನ ಅಪ್ಪನ ಶಿಫಾರಸು, ಐಪಿಎಲ್‌ನಲ್ಲಿ ಸಿಕ್ಕ ದುಡ್ಡು ಎಲ್ಲಾ ಬಯಲಿಗೆ. ಬಿ.ಎಸ್. ಚಂದ್ರಶೇಖರ್ 58 ಟೆಸ್ಟಿನಲ್ಲಿ 242 ವಿಕೆಟ್ ತೆಗೆದರು, ರನ್ ಹೊಡೆದದ್ದು 167. ವಿಕೆಟ್ಟಿಗಿಂತ ರನ್ನೇ ಕಮ್ಮಿ. ಇದನ್ನು ಬೆಂಚು ಪುರಾಣದಂತೆ ಹೇಳಿಕೊಂಡು ನಗುತ್ತದೆ. ಪೋಲಿಯೊ ತಗುಲಿದ ಅದೇ ಕೈಯಲ್ಲಿ 1971ರ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತವರು ಬ್ಯಾಟು ಹಿಡಿಯಲೇಬೇಕಿಲ್ಲ, ನನಗೂ ತಕರಾರಿಲ್ಲ. ಆದರೆ ಇವತ್ತಿನ ಬೌಲರ್ ಹನ್ನೊಂದನೆಯವನಾಗಿ ಬಂದು ಒಂದು ಬಾಲ್ ತಡೆಯದೆ ಹೋದರೆ ಅದೇ ಬೆಂಚು, ‘ಈ ನನ್ಮಗಂಗೆ ಬ್ಯಾಟು ಹಿಡಿಯೋಕೂ ಬರಲ್ವಲ್ಲಾ’ ಎನ್ನುತ್ತದೆ.

ಅನಿಲ್ ಕುಂಬ್ಳೆ ಇನ್ನೊಂದು ಕಾರಣಕ್ಕೆ ಬಳಕೆಯಲ್ಲಿದ್ದಾರೆ. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದು, ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ಬ್ರಯಾನ್ ಲಾರಾ ವಿಕೆಟ್ ತೆಗೆದರಲ್ಲ, ಆ ದವಡೆಯಿಂದ ನಮ್ಮೂರ ಮಕ್ಕಳು ಪಟ್ಟ ಪಾಡು ಹೇಳತೀರದು. ಮೂಗು ಸೋರುತ್ತದೆ, ಇವತ್ತು ಇಸ್ಕೂಲಿಗೆ ಹೋಗಲ್ಲ ಎಂದ ಕೂಡಲೇ ಅಪ್ಪ ಶುರು: ‘ದವಡೆ ಮುರ್ಕಂಡು ಬೌಲಿಂಗ್ ಮಾಡುದ್ರು ಕಣ್ಲಾ ಅವ್ರು!’ ಹೇಳುವ ಅಪ್ಪ ನಿನ್ನೆ ಬೆನ್ನುನೋವೆಂದು ಗದ್ದೆಗೆ ನೀರು ಕಟ್ಟಲು ಹೋಗಿರಲಿಲ್ಲ.

ಬೆಂಚಿನ ಪರಮ ಪವಿತ್ರ ಕಥೆ ಬೇರೆಯೇ ಇದೆ. 1980ರ ಫೆಬ್ರುವರಿ, ಬೊಂಬಾಯಿ, ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ನಾಯಕರು. ಅಂಪೈರ್ ಔಟ್ ಕೊಟ್ಟಾಗಿದೆ, ಬಾಬ್ ಟೇಲರ್ ಹೊರಟಾಗಿದೆ. ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿ ವಿಶ್ವನಾಥ್ ಅವನನ್ನು ವಾಪಸ್ ಕರೆದರು. ಟೇಲರ್ ಮತ್ತು ಬಾಥಂ ಸೇರಿ ಆಟ ಎಳೆದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಇದನ್ನು ಹೇಳುವಾಗ ಗೌಡರ ಗಂಟಲು ಕಟ್ಟುತ್ತದೆ. ‘ಧರ್ಮ ಕಣಪ್ಪಾ, ಧರ್ಮ. ಸೋಲ್ತೀನಿ ಅಂತ ಗೊತ್ತಿದ್ರೂ ಕರದ್ನಲ್ಲಾ’ ಎಂದು ವಲ್ಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿಕೊಂಡು ಎದ್ದು ಮದ್ದೂರಿನ ಬಸ್ಸು ಹತ್ತುತ್ತಾರೆ. ಅವತ್ತು ಕೋರ್ಟಿನಲ್ಲಿ ವಾಯಿದೆ. ತಮ್ಮನ ಮಕ್ಕಳ ಮೇಲೆ ಹೂಡಿದ ಬದುವಿನ ಕೇಸು. ಆ ಬದುವನ್ನು ಒಂದೊಂದು ಗುದ್ದಲಿಯಂತೆ ಸರಿಸಿದವರು ಯಾರು ಎಂದು ಕೊಪ್ಪದ ಹಾದಿಯಲ್ಲಿ ಯಾವ ಎಮ್ಮೆಯನ್ನು ಕೇಳಿದರೂ ಹೇಳುತ್ತದೆ. ಹಬ್ಬದ ಟೂರ್ನಮೆಂಟಿನಲ್ಲಿ ಅಂಪೈರು ಕೂಡಾ ಇವರೇ. ಸ್ವಂತ ಅಳಿಯ ಬ್ಯಾಟಿಂಗಿಗೆ ನಿಂತಿದ್ದಾಗ ಸ್ಟಂಪು ಹಾರಿಹೋದರೂ ನೋಬಾಲ್ ಕೊಟ್ಟ ಕೈ ಇವರದು. ಅದೂ ಔಟಾದವನನ್ನು ವಾಪಸ್ ಕರೆದಂತೆಯೇ ಅಲ್ಲವೆ ಎಂದರೆ ಹೌದೆನ್ನಬೇಕು.

1974 ಬಂದರೆ ಮೇಷ್ಟ್ರ ಸರದಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ ಒಂದಕ್ಕೆ. ನಾಲ್ಕೈದು ತಿಂಗಳಲ್ಲೇ, ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕೆಡವಿದ್ದಾಯಿತು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದದ್ದಾಯಿತು. ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಪ್ರಸನ್ನರ ಆ ಚೆಂಡನ್ನು ಮೇಷ್ಟ್ರು ಟೀ ಲೋಟ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಪ್ರತಿ ವರ್ಷ ಅದು ಒಂದಿಷ್ಟು ಜಾಸ್ತಿ ತಿರುಗುತ್ತದೆ. ಈಗ ಹೆಚ್ಚುಕಮ್ಮಿ ಬೆಸಗರಹಳ್ಳಿಯಲ್ಲಿ ಪಿಚ್ ಬಿದ್ದು ಕೊಪ್ಪದಲ್ಲಿ ಸ್ಟಂಪಿಗೆ ಬಡಿಯುತ್ತಿದೆ.

ಹಾಗೆ ನೋಡಿದರೆ 2013–14ರಲ್ಲೂ 2014–15ರಲ್ಲೂ ಕರ್ನಾಟಕ ರಣಜಿ ಗೆದ್ದಿದೆ. ದಾವಣಗೆರೆಯ ವಿನಯ್ ಕುಮಾರ್ ನಾಯಕ. ಎರಡು ವರ್ಷವೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ನಮ್ಮವೇ. 2015ರ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ಹೊಡೆದರು. ತಮಿಳುನಾಡಿನ ಮೇಲೆ, ಸ್ವಾಮಿ! ಕಾವೇರಿ ನೀರಿನ ಜಿಲ್ಲೆಯಲ್ಲಿ ಇದಕ್ಕೊಂದು ಮೆರವಣಿಗೆಯಾದರೂ ಹೊರಡಬೇಕಿತ್ತು. ಬೆಂಚಿನಲ್ಲಿ ಒಂದು ಮಾತಿಲ್ಲ. ಮರುವರ್ಷ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ ಅದೇ ನಾಯರ್ ಮುಂದಿನ ಟೆಸ್ಟಿಗೇ ಹೊರಗೆ ಕೂತರು. ಆಮೇಲೆ ಮೂರು ಟೆಸ್ಟು, ಆಮೇಲೆ ಎಂಟು ವರ್ಷ ಬರಿಗೈ. 2025ರಲ್ಲಿ ಮತ್ತೆ ಕರೆ ಬಂದಾಗ ಗೌಡರು ಕೇಳಿದ್ದು ‘ಯಾರ್ಲಾ ಇವ್ನು, ಹೊಸಬ್ನಾ?’ ಎಂದು. ನಾಯರ್‌ಗೆ ಇನ್ನೂ ಸಾಲುವಷ್ಟು ವಯಸ್ಸಾಗಿಲ್ಲ. ಕೂದಲು ಹಣ್ಣಾದ ಮೇಲೆ ಅರ್ಜಿ ಹಾಕಿಕೊಂಡರೆ ಬೆಂಚು ಪರಿಶೀಲಿಸುತ್ತದೆ.

ಹಳಬರಾದರೆ ಸಾಕು ಅಂತಲೂ ಅಲ್ಲ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ತಂಡಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ನಾಯಕಿ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್. ವಿಶ್ವನಾಥ್, ಪ್ರಸನ್ನ, ಚಂದ್ರ ಆಡುತ್ತಿದ್ದ ಕಾಲವೇ ಅದು. ಬೆಂಚಿನಲ್ಲಿ ಈ ಹೆಸರು ತೆಗೆದರೆ ಮೇಷ್ಟ್ರು ಕೆಮ್ಮುತ್ತಾರೆ, ಗೌಡರು ಬಸ್ಸಿನ ಹೊತ್ತು ವಿಚಾರಿಸುತ್ತಾರೆ.

ಹುಡುಗರೇನು ಕಮ್ಮಿಯಿಲ್ಲ. ಇಪ್ಪತ್ತೈದು ತುಂಬದವರೂ ‘ಗೇಲು, ಎಬಿಡಿ ಇದ್ದ ಟೀಮೇ ಬೇರೆ ಗುರು, ಅದೊಂದ್ ಕಾಲ’ ಎಂದು ನಿಟ್ಟುಸಿರು ಬಿಡುತ್ತಿದ್ದಾರೆ. ಆ ಟೀಮು ಒಂದು ಕಪ್ಪನ್ನೂ ಗೆಲ್ಲಲಿಲ್ಲ. ಅವರಿಬ್ಬರೂ ಹೋದ ಮೇಲೆ 2025ರ ಜೂನ್ 3ಕ್ಕೆ ಆರ್‌ಸಿಬಿ ಗೆದ್ದಿತು, ಗೆದ್ದವರ ಹನ್ನೊಂದು ಹೆಸರು ಹೇಳು ಎಂದರೆ ಏಳಕ್ಕೆ ನಿಲ್ಲುತ್ತದೆ. ಮರುದಿನ ಚಿನ್ನಸ್ವಾಮಿ ಗೇಟಿನ ಬಳಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಎಲ್ಲರೂ ಆಟಗಾರರನ್ನು ನೋಡಲು ಹೋದವರು. ಬೆಂಚಿನಲ್ಲಿ ಆ ಮಾತು ಬಂದರೆ ಎರಡೂ ಕಡೆಯವರು ಬೇಗ ಬೇರೆ ಮಾತಿಗೆ ಹೋಗುತ್ತಾರೆ. ಕಪಿಲ್ ಹೊಡೆದ ಬೌಂಡರಿ ಹದಿನಾರು ಎನ್ನುವುದು ಅಷ್ಟು ಚೆನ್ನಾಗಿ ನೆನಪಿರುವ ಊರಿನಲ್ಲಿ.

ಈ ಸಲ ಟೆನ್ನಿಸ್ ಬಾಲ್ ಟೂರ್ನಮೆಂಟಿಗೆ ವಿಶ್ವನಾಥರ ಹೆಸರಿಡಬೇಕೆಂದು ಬೆಂಚು ಒಮ್ಮತದಿಂದ ತೀರ್ಮಾನಿಸಿತು. ಮೊದಲ ಬಹುಮಾನ ಟಗರು, ಎರಡನೆಯದು ಅದಕ್ಕಿಂತ ಚಿಕ್ಕ ಟಗರು. ಹುಡುಗರು ಸ್ಟಂಪು, ಚೆಂಡಿಗೆ ದುಡ್ಡು ಕೇಳಿದರು. ಇದ್ದ ದುಡ್ಡು ಫ್ಲೆಕ್ಸಿಗೆ ಮುಗಿದಿತ್ತು. ಊರಬಾಗಿಲಿಗೆ ಅಡ್ಡಲಾಗಿ ಕಟ್ಟಿದ ಆ ಫ್ಲೆಕ್ಸಿನಲ್ಲಿ ಹಾಲಿ, ಮಾಜಿ, ಭಾವಿ ಮುಖಂಡರು ಕೈ ಮುಗಿದು ನಿಂತಿದ್ದರು. ಎಡಗಡೆ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯಲ್ಲಿ ಬ್ಯಾಟು ಹಿಡಿದ ವಿಶ್ವನಾಥ್. ಕೆಳಗೆ ‘ದಂತಕಥೆಗೆ ನಮನ’. ಎರಡು ದಿನ ಊರೆಲ್ಲ ಅದರ ಕೆಳಗೇ ಓಡಾಡಿತು, ಗೌಡರು ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡರು.

ಮೂರನೇ ದಿನ ಪಿಯು ಓದುವ ಒಬ್ಬ ಹುಡುಗಿ ಬಸ್ಸಿಗೆ ಕಾಯುತ್ತಾ ನಿಂತವಳು ಕೇಳಿದಳು: ‘ತಾತ, ವಿಶ್ವನಾಥ್ ಅವ್ರಿಗೆ ಮೀಸೆ ಇತ್ತಲ್ವಾ? ಇವ್ರು ಗಾವಸ್ಕರ್ ಅಲ್ವಾ?’

ಬೆಂಚು ಎದ್ದು ಹೋಗಿ ನೋಡಿತು. ಗಾವಸ್ಕರೇ. ಮೇಷ್ಟ್ರು ಕನ್ನಡಕ ಒರೆಸಿದರು. ಗೌಡರು ಮಾತ್ರ ಕದಲಲಿಲ್ಲ.

‘ಗೊತ್ತು ಬುಡವ್ವ. ವಿಶ್ವನಾಥು ಮದ್ವೆ ಆಗಿರೋದು ಗಾವಸ್ಕರ್ ತಂಗೀನೇ ತಾನೆ? ಬಾವಮೈದ. ಮನೆಯವ್ರೇ, ಇರ್ಲಿ.’