ಖಾಲಿ ಪಾತ್ರೆ ಸ್ವಾಮಿ, ಬರೀ ಪಾತ್ರೆ

"ಅಳಿಯಂದ್ರೇ, ವಾರ್ತೆ ಹೊತ್ತಾಯ್ತು. ಚಂದನ ಹಾಕ್ತೀರಾ?"

"ಒಂದ್ನಿಮಿಷ ಮಾವ, ಟಿವಿಗೆ ಪ್ಲೇಯರ್ ಆ್ಯಪ್ ಇಳಿಸ್ತಿದೀನಿ. ಐದಕ್ಕೆ ನಾಲ್ಕೂವರೆ ಸ್ಟಾರ್ ಇದೆ."

"ಇಳೀತಲ್ಲ, ಏನೂ ಬರ್ತಿಲ್ವಲ್ಲ?"

"ಇದು ಬರೀ ಪ್ಲೇಯರ್. ಚಾನೆಲ್ ಇದರೊಳಗೆ ಇರಲ್ಲ. ಎಂ3ಯು ಪ್ಲೇಲಿಸ್ಟ್ ವಿಳಾಸ ನಾವೇ ಕೊಡಬೇಕು."

"ಅಂದ್ರೆ ಪಾತ್ರೆ ಅವರದ್ದು, ಅಕ್ಕಿ ನಮ್ಮದು."

"ಹೂಂ. ವೇಳಾಪಟ್ಟಿ ಬೇಕಂದ್ರೆ ಇಪಿಜಿ ಅಂತ ಇನ್ನೊಂದು ವಿಳಾಸ."

(ಅಳಿಯ ರಿಮೋಟಿನ ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರ ಆರಿಸುತ್ತಾನೆ. ಎಚ್, ಟಿ, ಟಿ, ಪಿ... 'ಎಸ್' ಒತ್ತಲು ಹೋಗಿ ಪಕ್ಕದ 'ಡಿ' ಬಿತ್ತು. ಅಳಿಸಲು ಹೋದರೆ ಇಡೀ ಸಾಲೇ ಮಾಯ.)

"ವಾಟ್ಸಾಪಲ್ಲಿ ಒಬ್ಬ ಇದಾನೆ ಮಾವ. ಎಂಟುನೂರು ರೂಪಾಯಿಗೆ ವರ್ಷವಿಡೀ ಹತ್ತು ಸಾವಿರ ಚಾನೆಲ್!"

"ಅಷ್ಟೂ ಅವನ ಸ್ವಂತದ್ದೋ?"

"ಅದು... ಕೇಳಿಲ್ಲ."

"ನಾಳೆ ಅವನ ಫೋನ್ ಸ್ವಿಚ್ ಆಫ್ ಆದ್ರೆ ಯಾರನ್ನ ಹಿಡೀತೀರಿ?"

(ಮೌನ. ಅಡುಗೆಮನೆಯಿಂದ ಚಂದನದ ವಾರ್ತೆ ಕೇಳಿಬರುತ್ತದೆ.)

"ಅತ್ತೆ ಎಲ್ಲಿ ನೋಡ್ತಿದಾರೆ?"

"ಮೊಬೈಲಲ್ಲಿ. ಪ್ರಸಾರ ಭಾರತಿಯವರ ವೇವ್ಸ್ ಆ್ಯಪ್ ಅಂತೆ. ವಾರ್ತೆ ಮುಗೀತಾ ಬಂತು, ಹವಾಮಾನಕ್ಕೆ ಬಂದ್ರು."

"ಅದು ನಂಗೊತ್ತು ಮಾವ. ಆದ್ರೆ ಅದರಲ್ಲಿ ಸೆಟ್ ಮಾಡೋಕೆ ಏನೂ ಇಲ್ವಲ್ಲ!"

ವೇವ್ಸ್ ಬಂದದ್ದು 2024ರ ನವೆಂಬರಿನಲ್ಲಿ. ದೂರದರ್ಶನದ ಚಾನೆಲ್‌ಗಳು ಅದರಲ್ಲಿ ಉಚಿತ. ಪ್ಲೇಲಿಸ್ಟ್ ಹುಡುಕುವ ಕೆಲಸವಿಲ್ಲ.